ಜೊಹರಾಕ್ಕನ ತಟ್ಟೆ

ಕ್ರಿಸ್ಮಸ್ಸಿಗೆಂದು ಪಾತ್ರೆಯ ಕಪಾಟು ಒರೆಸುವಾಗ, ಜೊಹರಾಕ್ಕನ ಹೆಸರು ಕೊರೆದ ಸ್ಟೀಲ್ ತಟ್ಟೆಯೊಂದು ಅಡಿಯಲ್ಲಿ ಸಿಕ್ಕಿತು. ಕಂಕನಾಡಿಯ ಫ್ಲಾಟಿನಲ್ಲಿ ಅವರದು ನಮ್ಮ ಎದುರು ಬಾಗಿಲು. ಅವರು ಕೊಟ್ಟಾರಕ್ಕೆ ಮನೆ ಬದಲಿಸಿ ವರ್ಷಗಳೇ ಆದವು. ನೆರೆಮನೆಯ ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದು ಎನ್ನುವುದು ನಿಮಗೂ ಗೊತ್ತಲ್ಲ. ಅವರ ತೆಳು ಅಕ್ಕಿರೊಟ್ಟಿ ಪತ್ತಿರ್, ನಮ್ಮ ಕರ್ಜಿಕಾಯಿಯಂಥ ಸಿಹಿ ನೆವ್ರಿ ಎಂದು ಆ ತಟ್ಟೆಗೆ ಬಿಡುವೇ ಇರಲಿಲ್ಲ.

ಆಗ ಮಗಳು ಶರಲ್ ಮೂರನೇ ಕ್ಲಾಸು. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವವಳು ಹೊಸ್ತಿಲು ದಾಟಿದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. "ಪೇಪರಿನಲ್ಲಿ ಫುಲ್ ಮಾರ್ಕ್ಸ್. ಆದ್ರೆ ಬಾಯಿ ಬಿಡುದಿಲ್ಲ, ಯಾರೊಟ್ಟಿಗೂ ಆಡುದಿಲ್ಲ" ಎಂದರು ಟೀಚರ್. ನನಗೆ ನಿಜಕ್ಕೂ ಭಯವಾಯಿತು. ಭಯವಾದಾಗ ಪಾಠ ಮಾಡುವುದು ನನ್ನ ಚಾಳಿ. ಗ್ಲೋಬ್ ತಂದೆ, ಭೂಪಟ ಅಂಟಿಸಿದೆ, ಸಮಾಜ ಪುಸ್ತಕದ 'ನೆರೆಹೊರೆ' ಪಾಠವನ್ನು ಉರು ಹೊಡೆಸಿದೆ. ನೆರೆಹೊರೆಯವರು ಪರಸ್ಪರ ಸಹಕರಿಸುತ್ತಾರೆ ಎಂದು ಗಿಳಿಯ ಹಾಗೆ ಒಪ್ಪಿಸುತ್ತಿದ್ದವಳು, ಲಿಫ್ಟಿನಲ್ಲಿ ಅದೇ ನೆರೆಹೊರೆಯವರು ಸಿಕ್ಕರೆ ನನ್ನ ಬೆನ್ನ ಹಿಂದೆ ಅಡಗುತ್ತಿದ್ದಳು.

ಒಂದು ಸಂಜೆ ನೆವ್ರಿ ತುಂಬಿದ ತಟ್ಟೆ ಕೊಟ್ಟು ಅವಳನ್ನು ಎದುರು ಮನೆಗೆ ಕಳಿಸಿ, ನಾನು ನಮ್ಮ ಬಾಗಿಲಲ್ಲೇ ನಿಂತೆ. ಜೊಹರಾಕ್ಕ ತಟ್ಟೆಗೆ ಕೈ ಚಾಚಲಿಲ್ಲ.

"ಇದರಲ್ಲಿ ಎಂತ ಉಂಟು ಮಗಾ?"

ಶರಲ್ ನೆಲ ನೋಡಿದಳು.

"ನೆವ್ರಿ!" ಎಂದು ನಾನು ನಿಂತಲ್ಲಿಂದಲೇ ಕೂಗಿದೆ.

"ನಿಮ್ಮ ಹತ್ರ ಕೇಳಿದ್ದಲ್ಲ ಮಾರಾಯ್ರೆ. ಎಲ್ಲ ನೀವೇ ಹೇಳಿದ್ರೆ ಅವಳ ಬಾಯಿಗೆ ಎಂತ ಕೆಲಸ?"

ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ಡಾಕ್ಟರ ಮುಂದೆ ಅವಳ ಹೊಟ್ಟೆನೋವನ್ನು ವರ್ಣಿಸುತ್ತಿದ್ದವನೂ, ಅಂಗಡಿಯಲ್ಲಿ ಅವಳ ಚಾಕಲೇಟು ಆರಿಸುತ್ತಿದ್ದವನೂ ನಾನೇ ಅಲ್ಲವೇ? ಜೊಹರಾಕ್ಕ ಬಾಗಿಲಿಗೆ ಒರಗಿ ಕಾದರು. ಒಳಗಿನಿಂದ ಮೀನು ಸೀದ ವಾಸನೆ ಬಂದರೂ ಕದಲಲಿಲ್ಲ. ಕೊನೆಗೊಂದು ಸಣ್ಣ ದನಿ ಕೇಳಿಸಿತು:

"ನೆವ್ರಿ. ಒಳಗೆ ಕಾಯಿ ಉಂಟು, ಎಳ್ಳೂ ಉಂಟು. ನಾನೇ ಮಡಚಿದ್ದು."

ಅಂದಿನಿಂದ ತಟ್ಟೆಯ ಓಡಾಟವೆಲ್ಲ ಅವಳದ್ದೇ. ಹೋದವಳು ಬೇಗ ಹಿಂದಿರುಗುತ್ತಲೂ ಇರಲಿಲ್ಲ. ಪತ್ತಿರ್ ತಟ್ಟಲು ಕಲಿತು ಬಂದವಳು 'ನೆರೆಹೊರೆ' ಪಾಠದ ದಿನ ಕ್ಲಾಸಿನಲ್ಲಿ ಎದ್ದು ನಿಂತು, ತನ್ನ ನೆರೆಹೊರೆಯೆಂದು ಅದನ್ನೇ ವಿವರಿಸಿದಳಂತೆ. ಟೀಚರ್ ಫೋನಿನಲ್ಲಿ ಹೇಳಿದಾಗ ನನ್ನ ಕಣ್ಣು ತುಂಬಿ ಬಂತು.

ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. "ಖಾಲಿ ಕೊಡ್ಲಿಕ್ಕೆ ಆಗುದಿಲ್ಲ ಪಪ್ಪಾ" ಎಂದು ತಟ್ಟೆಗೆ ನೆವ್ರಿ ತುಂಬಿಸಿಕೊಂಡು ಹೊರಟಳು, ನಾನೂ ಹೋದೆ. ಕೊಟ್ಟಾರದಲ್ಲಿ ಬಾಗಿಲು ತೆರೆದದ್ದು ಜೊಹರಾಕ್ಕನ ಪುಟ್ಟ ಮೊಮ್ಮಗಳು. ನಮ್ಮನ್ನು ಕಂಡದ್ದೇ ಪರದೆಯ ಹಿಂದೆ ಅಡಗಿತು ಮಗು. ಶರಲ್ ಮಂಡಿಯೂರಿ ಕುಳಿತಳು.

"ಇದರಲ್ಲಿ ಎಂತ ಉಂಟು, ಹೇಳು ನೋಡುವ?"

ಪರದೆಯ ಅಂಚಿನಿಂದ ಒಂದು ಕಣ್ಣು ಇಣುಕಿತು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ಮುಚ್ಚಿಕೊಂಡು ನಿಂತೆ.