ಒಂದು ವರ್ಷ ತಡೆಯಲಿ ಎಂದವನು

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ಮೊನ್ನೆ ಚಿಂತಾಮಣಿಯ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲು ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದಳು. ಆ ವಾಸನೆ ಮೂಗಿಗೆ ಬಡಿದಾಗ ನನ್ನ ಮಾವನ ಮಗಳು ನೆನಪಾದಳು.

ಮಾವನದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆ. ಗೂಡು ಬೇಯುವ ನೀರಿನಲ್ಲಿ ಕೈಯಾಡಿಸಿ ಎಳೆ ಹಿಡಿಯುವುದು ಹೆಂಗಸರ ಕೆಲಸ. ಅವಳೂ ಅದನ್ನೇ ಮಾಡುತ್ತಿದ್ದಳು. ಅವಳು ಹುಟ್ಟಿದಾಗಲೇ ನನಗೆಂದು ಮಾತಾಗಿತ್ತು. ನಮ್ಮಲ್ಲಿ ಹಾಗೆ. ಹುಡುಗ ಬೇಡ ಎನ್ನುವವರೆಗೆ ಹುಡುಗಿ ಅವನವಳೇ.

ಅವಳಿಗೆ ಕೋಲಾರದಲ್ಲಿ ನರ್ಸ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಒಂದು ಸಂಜೆ ಹಿತ್ತಲಿಗೆ ಕರೆದಳು.

"ಬಾವ, ನೀನು ನನ್ನ ಬೇಡ ಅಂದ್ಬಿಡು. ನಾನು ಅಂದ್ರೆ ಅಪ್ಪ ಕೇಳಲ್ಲ. ಕಪ್ಪಗಿದಾಳೆ ಅನ್ನು, ಜಗಳಗಂಟಿ ಅನ್ನು."

"ಅದೆಲ್ಲ ನಿಜಾನೇ ಅಲ್ವಾ?"

"ಮತ್ತಿನ್ನೇನಪ್ಪ ಕಷ್ಟ? ನಿಜ ಹೇಳಕ್ಕೂ ಹೆದರ್ತೀಯಾ?"

ಇಬ್ಬರೂ ನಕ್ಕೆವು. ನಾನು ಮಾತು ಕೊಟ್ಟೆ. ನನಗೂ ಮದುವೆಯ ಆಸೆಯಿರಲಿಲ್ಲ. ಬೇರೆ ಊರಿಗೆ ಹೋಗಿ ನನ್ನ ಕಾಲ ಮೇಲೆ ನಿಲ್ಲಬೇಕೆಂದಿತ್ತು.

ಹಿರಿಯರು ಕೂತ ದಿನ ಮಾವ ನನ್ನತ್ತ ತಿರುಗಿ, "ಏಮಪ್ಪಾ, ನೀನೇನಂತೀಯ?" ಎಂದರು. ಅವಳು ಬಾಗಿಲ ಹಿಂದೆ ನಿಂತಿದ್ದಳು. ಅವಳಿಗೆ ನಾನು ಬೇಡವಾಗಿದ್ದೇನೆ ಎಂಬುದು ಆ ಹೊತ್ತಿನಲ್ಲಿ ಯಾಕೋ ಚುಚ್ಚಿತು. ನನಗೆ ಅವಳು ಬೇಕಿರಲಿಲ್ಲ, ಆದರೆ ಅವಳು ನನಗಾಗಿ ಕಾಯಲಿ ಎನಿಸಿತು...

"ಒಂದು ವರ್ಷ ತಡೀಲಿ ಮಾವ" ಎಂದೆ.

"ಹಂಗಾದ್ರೆ ಟ್ರೈನಿಂಗ್ ಯಾತಕ್ಕಮ್ಮ? ಕಟ್ಕೊಳ್ಳೋನು ಇಲ್ಲೇ ಇದಾನಲ್ಲ" ಎಂದು ಮಾವ ಒಳಗೆ ಕೂಗಿ ಹೇಳಿದರು. ಸೀಟು ಹೋಯಿತು.

ನಾನು ಗೌರಿಬಿದನೂರಿನ ಒಂದು ಗಿರಣಿಗೆ ಸೇರಿದೆ. ಕೆಲಸ ಹಿಡಿಸಿತು, ಮೇಲೆ ಬಂದೆ. ಒಂದು ವರ್ಷ ಮೂರಾಯಿತು. ಅಲ್ಲೇ ಒಬ್ಬಳನ್ನು ಮೆಚ್ಚಿ, ಲಗ್ನಪತ್ರಿಕೆ ಕೊಡಲು ಮಾವನ ಮನೆಗೆ ಹೋದೆ. ಮಾವ ಎದ್ದು ಹೊರಗೆ ಹೋದರು. ಅವಳು ಕಾಫಿ ತಂದಿಟ್ಟಳು.

"ಈಗ ಬಾಯಿ ಬಂತಾ ಬಾವ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಕಾಫಿ ಕುಡಿದು ಎದ್ದು ಬಂದೆ.

ಆಮೇಲೆ ಅವಳನ್ನು ತೊಂಡೇಬಾವಿಗೆ ಕೊಟ್ಟರು. ಹೊಲ, ಹಸು, ಮಕ್ಕಳು... ಮದುವೆ ಮುಂಜಿಗಳಲ್ಲಿ ಸಿಕ್ಕಾಗ "ಊಟ ಆಯ್ತಾ ಬಾವ?" ಎನ್ನುತ್ತಿದ್ದಳು. ಆಯ್ತಮ್ಮ ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ಮಾತು ನನ್ನಿಂದ ಹೊರಡಲಿಲ್ಲ.

ಹೋದ ಕಾರ್ತಿಕದಲ್ಲಿ ಅವಳು ತೀರಿಹೋದಳು. ತಿಥಿಯ ದಿನ ಅವಳ ಮಗಳು ಪಕ್ಕದಲ್ಲಿ ಬಂದು ಕೂತಳು.

"ದೊಡ್ಡಪ್ಪ, ನಮ್ಮಮ್ಮ ಚಿಕ್ಕವಳಿದ್ದಾಗ ಏನಾಗ್ಬೇಕು ಅಂತಿದ್ಲು? ಕೇಳಿದ್ರೆ ನಗ್ತಿದ್ಲೇ ಹೊರತು ಹೇಳ್ತಿರ್ಲಿಲ್ಲ."

ಅಷ್ಟು ವರ್ಷ ಅವಳು ಮಗಳ ಮುಂದೆಯೂ ನನ್ನ ಮಾನ ಕಾಪಾಡಿದ್ದಳು. "ಗೊತ್ತಿಲ್ಲಮ್ಮ" ಎಂದೆ.

ಗೊತ್ತಿತ್ತು ಮಗಳೇ. ನಿಮ್ಮಮ್ಮ ನರ್ಸ್ ಆಗಬೇಕೆಂದಿದ್ದಳು, ಸೀಟೂ ಸಿಕ್ಕಿತ್ತು. ತಪ್ಪಿಸಿದವನು ನಾನು. ನಾನು ಕ್ಷಮೆ ಕೇಳದೆ ಕಳೆದುಕೊಂಡವಳು ನನ್ನ ಮಾವನ ಮಗಳು, ರತ್ನಮ್ಮ.