ಅಂಬಣ್ಣನ ಜೀಪಿನ ಸೀಮೋಲ್ಲಂಘನ

ಮರಾಠಿ ಸೀಮೆಯ ಕಾರ್ಖಾನೆ ಊರು ಭೋಸರಿಯ ಒಂದು ಓಣಿಯಲ್ಲಿ ಅಂಬಣ್ಣನಂಥ ಫಿಟ್ಟರ್ ಇನ್ನೊಬ್ಬನಿಲ್ಲ. ಈ ಮಾತನ್ನು ಓಣಿಯವರಿಗಿಂತ ಹೆಚ್ಚು ಸಲ ಅಂಬಣ್ಣನೇ ಹೇಳಿದ್ದಾನೆ. ಇಪ್ಪತ್ತರ ವಯಸ್ಸಿಗೆ ಭಾಲ್ಕಿ ಕಡೆಯಿಂದ ಬಂದವನು ಕಾರ್ಖಾನೆಯಲ್ಲಿ ಕಬ್ಬಿಣ ತಿಕ್ಕುತ್ತ ತಿಕ್ಕುತ್ತ ಐವತ್ನಾಲ್ಕು ಮುಟ್ಟಿದ್ದಾನೆ. ವಾರದ ಆರು ದಿನ ಸಾಹೇಬರ ಯಂತ್ರಗಳ ರಿಪೇರಿ, ರವಿವಾರ ತನ್ನ ಜೀಪಿನ ರಿಪೇರಿ.

ಜೀಪು ಮೂವತ್ತೈದು ವರ್ಷದ ಮುದುಕ. ಮನೆಯೆದುರಿನ ತಗಡಿನ ಚಪ್ಪರದಲ್ಲಿ ಮೂರು ವರ್ಷದಿಂದ ಗೋಡೆಗೆ ಮುಖ ಮಾಡಿ, ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ ನಿಂತಿತ್ತು. ಅಂಬಣ್ಣ ಅದರ ಎಂಜಿನ್ ಬಿಚ್ಚಿ ಜೋಡಿಸಿದ್ದ, ಲಾರಿಯ ದೀಪ ಹಾಕಿದ್ದ, ಟ್ರ್ಯಾಕ್ಟರಿನ ಸೀಟು ಕೂರಿಸಿದ್ದ. ಗುಡ್ಡ ಹತ್ತಬೇಕಲ್ಲ ಎಂದು ಸ್ಪ್ರಿಂಗಿನ ಪಾಟಿಗೆ ಪಾಟಿ ಸೇರಿಸಿ, ದಪ್ಪ ಟೈರು ತೊಡಿಸಿ, ಸ್ಟೂಲಿಲ್ಲದೆ ಮನುಷ್ಯರು ಹತ್ತಲಾರದಷ್ಟು ಎತ್ತರ ಮಾಡಿದ್ದ. ಗುಡ್ಡದ ಮಾತು ಬಿಡಿ, ಅದು ಓಣಿಯ ಸ್ಪೀಡ್ ಬ್ರೇಕರನ್ನೂ ಹತ್ತಿರಲಿಲ್ಲ. ಹೆಂಡತಿ ಸಾವಿತ್ರಿಬಾಯಿ ಅದನ್ನು "ನಿಮ್ಮ ಡಬ್ಬಾ" ಎಂದೇ ಕರೆಯುತ್ತಿದ್ದಳು. ಒಂದು ದಿನವೂ ಅದರಲ್ಲಿ ಕೂತವಳಲ್ಲ.

ಹೋದ ದಸರೆಗೆ ಬನ್ನಿ ಕೊಡಲು ಗಂಡ ಹೆಂಡತಿ ಎಂದಿನಂತೆ ರಿಕ್ಷಾದಲ್ಲಿ ಅವಳ ತಮ್ಮ ದತ್ತುವಿನ ಮನೆಗೆ ಹೋದರು. ದತ್ತು ಮಾರ್ಕೆಟ್ ಯಾರ್ಡಿಗೆ ಟೆಂಪೋ ಹೊಡೆಯುವವನು. ಅವನ ಮನೆ ಐದು ಓಣಿ ಆಚೆ, ಬಾಯಿ ಮಾತ್ರ ಊರಗಲ.

"ಮಾಮಾ, ನಿಮ್ಮ ಜೀಪ ನಮ್ಮ ಬಾಗಲಿಗೆ ಬರೋದ್ರಾಗ ನನ್ನ ಮೊಮ್ಮಕ್ಕಳ ಮದಿವಿ ಆಗ್ತಾವ ನೋಡ್ರಿ!"

ಹೋಳಿಗೆ ತಿನ್ನುತ್ತಿದ್ದ ಮಂದಿಯೆಲ್ಲ ನಕ್ಕರು. ಅಂಬಣ್ಣನಿಗೆ ಪಿತ್ತ ನೆತ್ತಿಗೇರಿತು. "ಮುಂದಿನ ದಸರಾಕ್ಕ ನಿಮ್ಮಕ್ಕನ್ನ ಅದರಾಗ ಕೂಡಿಸ್ಕೊಂಡು ಬಂದು ಬನ್ನಿ ಕೊಡ್ತೀನಿ. ಇಲ್ಲಂದ್ರ ಮರುದಿನಾನೇ ಗುಜರಿಗೆ ಹಾಕ್ತೀನಿ. ದೇವಿ ಆಣಿ!"

ಆಣೆ ಮಾಡುವಾಗ ನಾಲಿಗೆಗೆ ಎಲುಬಿರುವುದಿಲ್ಲ. ಆಮೇಲೆ ವರ್ಷವಿಡೀ ಅವನಿಗೆ ನಿದ್ದೆ ಹತ್ತಲಿಲ್ಲ. ಮಕ್ಕಳು ದೂರದವರಲ್ಲ, ವಾರಕ್ಕೊಮ್ಮೆ ಬಂದು ಉಂಡು ಹೋಗುತ್ತಾರೆ; ಆದರೆ ನಿಂತಲ್ಲೇ ಆದರೂ ಅವನ ಮಾತಿಗೆ ಗುರ್ ಎಂದು ಓಗೊಡುವುದು ಈ ಜೀಪೊಂದೇ. ಅದನ್ನು ಗುಜರಿಗೆ ಹಾಕುವುದೆಂದರೆ?

ಅಂತೂ ಈ ವರ್ಷ ಖಂಡೇನವಮಿಯ ಆಯುಧಪೂಜೆಗೆ ಜೀಪು ತಯಾರಾಯಿತು. ಅಂಬಣ್ಣ ತನ್ನ ನಟ್ಟು ಬಿಚ್ಚುವ ಪಾನಾ, ಇಕ್ಕಳ, ಸುತ್ತಿಗೆಗಳನ್ನೆಲ್ಲ ತೊಳೆದು, ದೇವಿಯ ಮುಂದೆ ಸಾಲಾಗಿಟ್ಟು, ಕುಂಕುಮ ಹಚ್ಚಿದ. ಮರುದಿನ ಬನ್ನಿ ಕೊಟ್ಟು ಬರುವತನಕ ಅವನ್ನು ಮುಟ್ಟುವಂತಿಲ್ಲ. ಇದು ಅವನಪ್ಪನ ಕಾಲದ ಕಟ್ಟಳೆ. ಅಂಬಣ್ಣ ಅದನ್ನು ಇಡೀ ಓಣಿಗೇ ಹೇರಿದ್ದ. "ಕಬ್ಬಿಣಕ್ಕೂ ವರ್ಷಕ್ಕೊಮ್ಮೆ ನಿದ್ದಿ ಬೇಕ್ರೋ" ಎಂದು ವರ್ಷವರ್ಷವೂ ಭಾಷಣ ಬಿಗಿಯುತ್ತಿದ್ದ. ಒಮ್ಮೆ ಪಕ್ಕದ ಮನೆಯ ಲೋಕನಾಥ ನವಮಿಯ ದಿನ ಸೈಕಲ್ಲಿನ ನಟ್ಟು ತಿರುಗಿಸಿದನೆಂದು ಅವನೊಡನೆ ಆರು ತಿಂಗಳು ಮಾತು ಬಿಟ್ಟಿದ್ದ.

"ಹಂಗಾರ ಜೀಪೂ ಆಯುಧ ಅಲ್ಲೇನ್ರಿ ಅಣ್ಣಾರ? ಅದನ್ನ ಹೆಂಗ ಹೊಡೀತೀರಿ?" ಎಂದು ಲೋಕನಾಥ ಈ ಸಲ ಕೇಳಿದ.

"ಅದು ವಾಹನ. ದೇವೀದು ಹುಲಿ ಇದ್ದಂಗ. ಹುಲಿಗೆ ಸೂಟಿ ಇರಂಗಿಲ್ಲ."

ದಸರೆಯ ಸಂಜೆ ಸಾವಿತ್ರಿಬಾಯಿ ಇಳಕಲ್ ಸೀರೆ ಉಟ್ಟು, ಸ್ಟೂಲು ಹತ್ತಿ, ದೇವರ ಹೆಸರು ಹೇಳುತ್ತ ಜೀಪೇರಿದಳು. ಅಂಬಣ್ಣ ಕೀಲಿ ತಿರುಗಿಸಿದ. ಜೀಪು ಗುಡುಗಿತು. ಓಣಿಯವರು ಚಪ್ಪಾಳೆ ಹೊಡೆದರು. ಗೋಡೆಗೆ ಮುಖ ಮಾಡಿದ ಗಾಡಿ, ಮೊದಲು ಹಿಂದಕ್ಕೆ ಬರಲೇಬೇಕು. ರಿವರ್ಸ್ ಹಾಕಿ ಚಂದವಾಗಿ ರಸ್ತೆಗೆ ತಂದ. ಫಸ್ಟ್ ಗೇರಿಗೆ ಕೈ ಹಾಕಿದ. ಗೇರು ಬರಲಿಲ್ಲ. ಎಳೆದ, ಗುದ್ದಿದ, ಬೈದ, ಕೊನೆಗೆ ಬೇಡಿಕೊಂಡ. ಕೋಲು ರಿವರ್ಸಿನಲ್ಲೇ ಕಚ್ಚಿಕೊಂಡು ಕೂತಿತ್ತು.

ನಾಲ್ಕು ಬೋಲ್ಟು ಬಿಚ್ಚಿದರೆ ಹತ್ತು ನಿಮಿಷದ ಕೆಲಸ. ಆದರೆ ಬಿಚ್ಚುವುದು ಯಾತರಿಂದ? ಅಂಬಣ್ಣ ಲೋಕನಾಥನ ಮುಖ ನೋಡಿದ.

"ನನ್ನ ಪಾನಾ ಮಲಗ್ಯಾವ್ರಿ ಅಣ್ಣಾರ" ಎಂದ ಲೋಕನಾಥ, ಬಹಳ ಸಂತೋಷದಿಂದ.

ಓಣಿಯ ಹದಿನೆಂಟು ಮನೆಯ ಪಾನಾಗಳೂ ಮಲಗಿದ್ದವು. ಅಂಬಣ್ಣ ಹೆಂಡತಿಯ ಕಡೆ ತಿರುಗಿ ಪಿಸುಗುಟ್ಟಿದ: "ನಿನ್ನ ಒಲಿ ಮುಂದಿನ ಇಕ್ಕಳ?"

"ಅದಕ್ಕೂ ಕುಂಕುಮ ಹಚ್ಚೀನಿ. ಈಳಿಗಿಗೂ ಹಚ್ಚೀನಿ. ನೀವೇ ಹೇಳಿದ್ರಲ್ಲ."

ಹೊತ್ತು ಮುಳುಗುತ್ತಿತ್ತು. ಅಂಬಣ್ಣ ಒಂದು ಸಲ ಬಾನೆಟ್ಟಿನ ಮೇಲಿನ ಚೆಂಡು ಹೂವಿನ ಹಾರ ನೋಡಿದ. ನಾಳೆ ಈ ಹಾರದ ಸಮೇತ ಗುಜರಿಗೆ? ಕುತ್ತಿಗೆಯನ್ನು ಪೂರಾ ಹಿಂದಕ್ಕೆ ತಿರುಗಿಸಿ, "ಗಟ್ಟಿ ಹಿಡ್ಕೊ ಸಾವಿತ್ರಿ" ಎಂದ.

ಜೀಪು ಹಿಂದಕ್ಕೆ ಹೊರಟಿತು. ಓಣಿಯ ಸ್ಪೀಡ್ ಬ್ರೇಕರನ್ನು ಬೆನ್ನು ಮೊದಲು ಮಾಡಿ ಹತ್ತಿ ಇಳಿಯಿತು. ಓಣಿಯ ಮಂದಿ ಬಿಡುತ್ತಾರೆಯೇ? ಬಾನೆಟ್ಟಿನೆದುರು ಗುಂಪು ಕಟ್ಟಿ ಬೆನ್ನತ್ತಿದರು. ಎರಡನೆಯ ಓಣಿಯಲ್ಲಿ ಹಲಗೆ ಬಾರಿಸುವವರು ಸೇರಿಕೊಂಡರು. ಮೂರನೆಯದರಲ್ಲಿ ರಿಕ್ಷಾದವನೊಬ್ಬ, ಕಾಕಾ ಬರುತ್ತಿದ್ದಾರೋ ಹೋಗುತ್ತಿದ್ದಾರೋ ಎಂದು ಮರಾಠಿಯಲ್ಲಿ ಕೇಳಿದ. ಅಂಬಣ್ಣನಿಗೂ ಅದು ಗೊತ್ತಿರಲಿಲ್ಲ. ಕುತ್ತಿಗೆ ಹಿಡಿದು ಹೋಗಿತ್ತು. ಹೆಂಡತಿಯ ಕಡೆ ನೋಡಲು ಧೈರ್ಯವಿರಲಿಲ್ಲ. ಇನ್ನು ಹತ್ತು ದಸರೆಯವರೆಗೆ ಅವಳು ತನ್ನೊಡನೆ ಮಾತಾಡಲಿಕ್ಕಿಲ್ಲ ಎಂದುಕೊಂಡ.

ದತ್ತುವಿನ ಬಾಗಿಲು ಬಂತು. ದತ್ತು ಹೊಟ್ಟೆ ಹಿಡಿದು ನಕ್ಕ, ಕಣ್ಣೊರೆಸಿಕೊಂಡ, ಆಮೇಲೆ ತೀರ್ಪು ಕೊಟ್ಟ. "ಬಂದೀರಿ ಖರೆ ಮಾಮಾ. ಆದ್ರ ನಿಮ್ಮ ಜೀಪ ನಮ್ಮ ಬಾಗಲಿಗೆ ಕುಂಡಿ ತೋರಸ್ಕೋತ ಬಂದದ. ಇದು ಬಂದಂಗಲ್ಲ. ಲೆಕ್ಕಕ್ಕಿಲ್ಲ."

ಹಲಗೆ ನಿಂತಿತು. ಅಂಬಣ್ಣ ಕಟ್ಟಳೆಯ ಮನುಷ್ಯ. ತನ್ನದಾದರೂ ತಪ್ಪು ತಪ್ಪೇ. "ಆತು. ನಾಳೆ ಗುಜರಿಯವನಿಗೆ ಹೇಳ್ತೀನಿ" ಎಂದ. ಸ್ಟೀರಿಂಗಿನ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

"ಯಾರಿಗೆ ಹೇಳ್ತೀರಿ?" ಪಕ್ಕದ ಸೀಟಿನಿಂದ ಸಾವಿತ್ರಿಬಾಯಿಯ ಧ್ವನಿ. "ನನ್ನ ಕೇಳೀರೇನು? ದತ್ತು, ಮೂವತ್ತು ವರ್ಷ ರಿಕ್ಷಾದಾಗ ಸೀದಾ ಬಂದೀನಿ. ಒಬ್ಬರರ ಹೊರಗ ಬಂದು ನೋಡ್ಯಾರೇನು? ಇದು ನನ್ನ ಗಾಡಿ. ಬನ್ನಿ ತಗೊ, ಬಂಗಾರದಂಗ ಇರು, ಬಾಯಿ ಮುಚ್ಚು."

ದತ್ತು ಎರಡೂ ಕೈ ಚಾಚಿ ಬನ್ನಿ ತಗೊಂಡ. ಅಕ್ಕನ ಕಾಲುಗಳು ಅವನ ಎದೆಯ ಮಟ್ಟಕ್ಕಿದ್ದವು. ನಿಂತಲ್ಲೇ ಮುಟ್ಟಿ ನಮಸ್ಕಾರ ಮಾಡಿದ. ಬನ್ನಿ ಕೊಟ್ಟಿದ್ದಾಯಿತು, ಕಟ್ಟಳೆ ಮುಗಿಯಿತು. "ತಡೀರಿ ಮಾಮಾ, ನನ್ನ ಪಾನಾ ತರ್ತೀನಿ. ಗೇರ್ ಬಿಡಸೂಣು" ಎಂದು ಒಳಗೆ ಹೊರಟ.

"ಏ ತಮ್ಮಾ, ಪಾನಾ ನಾಳೆ ತಾ" ಎಂದಳು ಸಾವಿತ್ರಿಬಾಯಿ. ಸೆರಗು ಸರಿಮಾಡಿಕೊಂಡು ಗಂಡನಿಗೆ ಹೇಳಿದಳು: "ನೀವು ಹೊಡೀರಿ. ಇನ್ನೂ ನಾಕು ಮನಿಗೆ ಬನ್ನಿ ಕೊಡೋದದ. ಮುಂದ ಹೋದ್ರ ಮಂದಿ ಎಲ್ಲಾ ಬೆನ್ನಿಂದ ಉಳೀತಾರ. ಹಿಂಗ ಹೋದ್ರ ಎಲ್ಲಾರ ಮಾರಿ ಕಾಣ್ತಾವ."