ಗಲಿಲಾಯದ ಬಸ್ಸಿನಲ್ಲಿ ನಾನು ಮಾಡಿದ ಪ್ರಾರ್ಥನೆ

ಶಿಕಾಗೋ, ಡೆಟ್ರಾಯಿಟ್ ಎರಡೂ ಕಡೆಯ ಕನ್ನಡ ಕ್ರೈಸ್ತರು ಸೇರಿದರೆ ಒಂದು ಬಸ್ಸು ತುಂಬುತ್ತದೆ. ಆ ವಸಂತದಲ್ಲಿ ನಿಜವಾಗಿ ತುಂಬಿತ್ತು, ಅದೂ ಇಸ್ರೇಲಿನಲ್ಲಿ, ಯೇಸು ಓಡಾಡಿದ ಗಲಿಲಾಯದಲ್ಲಿ. ರಿಸೆಷನ್ನಿಗೆ ಮೊದಲೇ ಬುಕ್ ಮಾಡಿದ್ದ ಯಾತ್ರೆ. ಕಾರು ಕಂಪನಿಗಳ ಊರಾದ ಡೆಟ್ರಾಯಿಟ್ ಕಡೆಯವರನ್ನು ಯಾರೂ "ಕೆಲಸ ಹೇಗಿದೆ?" ಎಂದು ಕೇಳುತ್ತಿರಲಿಲ್ಲ. "ನಿಮ್ಮಲ್ಲಿ ಸ್ನೋ ಕರಗಿತಾ?" ಎಂದು ಕೇಳಿ ಸುಮ್ಮನಾಗುತ್ತಿದ್ದೆವು.

ನಾನಾಗ ಕಾಲೇಜಿನಲ್ಲಿದ್ದೆ. ಶಿಕಾಗೋ ಪಕ್ಕದ ನೇಪರ್‌ವಿಲ್‌ನ ನಮ್ಮ ಮನೆಗೆ ಬಂದವರ ಕಾರು ರಸ್ತೆಯ ತಿರುವು ದಾಟುವಷ್ಟರಲ್ಲಿ ಅವರ ದನಿ ನನ್ನ ಬಾಯಿಗೆ ಬಂದಿರುತ್ತಿತ್ತು. ಓದಿನಲ್ಲಿ ಹೆಸರು ಮಾಡದವನಿಗೆ ಈ ಮಿಮಿಕ್ರಿಯೊಂದೇ ಬಂಡವಾಳ.

ಒಂದು ಬೆಳಿಗ್ಗೆ ಗಲಿಲಾಯ ಸರೋವರದ ದಡದಲ್ಲಿ ನಮ್ಮ ಪಾದ್ರಿ, ಅಂದರೆ ಅಯ್ಯನವರು, ರಾತ್ರಿಯೆಲ್ಲ ಬಲೆ ಬೀಸಿಯೂ ಒಂದು ಮೀನೂ ಸಿಗದೆ ಕೂತ ಯೇಸುವಿನ ಶಿಷ್ಯರ ಭಾಗವನ್ನು ಬೈಬಲಿನಿಂದ ಓದಿದರು. ಆಮೇಲೆ ಪ್ರಾರ್ಥನೆ. ನಮ್ಮ ಸಭೆಯಲ್ಲಿ ಎಲ್ಲರೂ ಒಟ್ಟಿಗೇ, ಬಾಯಿಬಿಟ್ಟು, ತಂತಮ್ಮ ಪ್ರಾರ್ಥನೆ ಮಾಡುವುದು ರೂಢಿ. ಸಂತೆಯಷ್ಟು ಗದ್ದಲ. ಆ ಗದ್ದಲವೇ ಅಲ್ಲಿ ಗೋಡೆ, ಬಾಗಿಲು ಎಲ್ಲ. ಪಕ್ಕದವರದು ಕಿವಿಗೆ ಬಿದ್ದರೂ ಯಾರೂ ಕೇಳಿಸಿಕೊಳ್ಳುವುದಿಲ್ಲ. ಯಾರೂ ಹೇಳಿಕೊಟ್ಟ ನಿಯಮವಲ್ಲ, ಮಕ್ಕಳಿಗೂ ಗೊತ್ತು.

ನಾನು ಕೇಳಿಸಿಕೊಂಡೆ. ನನ್ನ ಮುಂದೆ ನಿಂತಿದ್ದವರು ಡೆಟ್ರಾಯಿಟ್ ಪಕ್ಕದ ಟ್ರಾಯ್‌ನ ಅಂಕಲ್. ಧಾರವಾಡದವರು, ಕಾರಿನ ಬ್ರೇಕ್ ಡಿಸೈನ್ ಮಾಡುವ ಎಂಜಿನಿಯರ್. ಅವರ ಹೆಂಡತಿ ಅಷ್ಟು ದೂರದಲ್ಲಿ, ಕಣ್ಣು ಮುಚ್ಚಿ ನಿಂತಿದ್ದರು. ಅಂಕಲ್ ದೇವರ ಜೊತೆ ನೆರೆಮನೆಯವನ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ಆ ರಾಗ ಬಲು ಸೊಗಸಾಗಿತ್ತು.

ಊಟ ಮುಗಿಸಿ ಬಸ್ ಹತ್ತಿದೆವು. ಗೈಡ್ ಟಿಕೆಟ್ ತರಲು ಹೋಗಿದ್ದ, ಮೈಕು ಸೀಟಿನ ಮೇಲಿತ್ತು. "ಏ, ಏನಾದ್ರೂ ಮಾಡೋ, ನಿದ್ದೆ ಬರ್ತಿದೆ" ಎಂದರು ಯಾರೋ ಹಿಂದಿನಿಂದ.

ಮೊದಲು ಅಯ್ಯನವರ ಕೆಮ್ಮು ಮಾಡಿದೆ. ಆಮೇಲೆ ನಮ್ಮಮ್ಮ: "ಕರ್ತನೇ, ನೇಪರ್‌ವಿಲ್ ಎಕ್ಸಿಟ್ ತಗೊಂಡು, ಎರಡನೇ ಸಿಗ್ನಲ್‌ನಲ್ಲಿ ರೈಟ್ ತಿರುಗಿ, ನಮ್ಮ ಮನೆಗೆ ಬಾ."

"ಮುಂಡೇದೇ, ಮನೆಗೆ ಬಾ, ಇದೆ ನಿಂಗೆ!" ಅಮ್ಮ ನಗುತ್ತಲೇ ಬೈದಳು. ಆಮೇಲೆ ನನ್ನನ್ನೇ ಅಣಕಿಸಿಕೊಂಡೆ: "ಕರ್ತನೇ, ಕೆಮಿಸ್ಟ್ರಿಯಲ್ಲಿ ಸಿ ಕೊಡು, ಬಿ ಬೇಕಂತ ಪೀಡಿಸಲ್ಲ." ಬಸ್ಸು ಕುಲುಕಿತು. ಅತಿ ಜೋರಾಗಿ ನಗುತ್ತಿದ್ದವರು ಟ್ರಾಯ್ ಅಂಕಲ್ಲೇ.

"ಈಗ ನಂದು ಮಾಡಪಾ!"

ಮಾಡಿದೆ. "ಯಪ್ಪಾ ತಂದೀ, ನಿನಗ ಎಲ್ಲಾ ಗೊತ್ತೈತಿ. ಮೂರು ತಿಂಗಳಾತು, ದಿನಾ ಟೈ ಕಟಗೊಂಡು ಲೈಬ್ರರ್‍ಯಾಗ ಹೋಗಿ ಕುಂಡರಾಕತ್ತೀನಿ..."

ಗೊತ್ತಿಲ್ಲದೆ ಅಂದೆ ಎಂದು ಬರೆಯಬಹುದಿತ್ತು. ಇದು ಗುಟ್ಟೆಂದು ಅರ್ಧ ಗೊತ್ತಿತ್ತು. ನಗು ಬರುತ್ತಿದೆಯಲ್ಲ, ಇನ್ನೊಂದು ವಾಕ್ಯ ಇರಲಿ ಎನಿಸಿತ್ತು.

ಹಿಂದಿನ ಸೀಟಿನವರು ಇನ್ನೂ ನಗುತ್ತಿದ್ದರು. ಆಂಟಿ ನಗಲಿಲ್ಲ. ಗಂಡನ ಕಡೆ ತಿರುಗಲೂ ಇಲ್ಲ. "ಇದನ್ನ ನೀ ಎಲ್ಲಿ ಕೇಳಿದಿ?" ಎಂದು ನನ್ನನ್ನು ಕೇಳಿದರು.

"ಸುಮ್ನೆ ಸೇರಿಸ್ದೆ ಆಂಟಿ. ತಮಾಷೆಗೆ."

ಅಂಕಲ್‌ಗೆ ಅಷ್ಟು ಸಾಕಿತ್ತು, ಹೌದೆಂದು ನಕ್ಕು ತಪ್ಪಿಸಿಕೊಳ್ಳಬಹುದಿತ್ತು. ಅವರು ಕಿಟಕಿಯಾಚೆ ನೋಡುತ್ತ ಹೇಳಿದರು: "ಹುಡುಗ ಸುಳ್ಳ ಹೇಳಾಕತ್ಯಾನ. ನಾ ಅಂದದ್ದ ಅಂದಾನ. ನೌಕರಿ ಹೋಗೇತಿ."

ಗೈಡ್ ಬಂದ. ಯಾರೋ ನನ್ನ ಕೈಯಿಂದ ಮೈಕು ತೆಗೆದುಕೊಂಡರು.

ಯೇಸು ದೀಕ್ಷಾಸ್ನಾನ ಪಡೆದ ಯೊರ್ದನ್ ಹೊಳೆಯಲ್ಲಿ ಎಲ್ಲರೂ ನೀರಿಗಿಳಿಯುವುದಿತ್ತು. ಅಂಕಲ್ ಒಬ್ಬರೇ ಬಸ್ಸಿಂದ ಇಳಿದುಹೋಗಿ ದಡದ ಮೆಟ್ಟಿಲ ಮೇಲೆ ಕೂತರು. ಆಂಟಿ ಬಸ್ಸಿನಲ್ಲೇ ಉಳಿದರು. ಕ್ಷಮೆ ಕೇಳಲು ಹೋಗಿ ಅವರ ಸೀಟಿನ ಪಕ್ಕ ನಿಂತೆ.

"ಇನ್ನೂ ಇತ್ತೇನು?" ಅವರೇ ಕೇಳಿದರು. "ಅವರು ಅಂದದ್ದು. ಪೂರ್ತಿ ಹೇಳು. ನನಗಂತೂ ಮೂರು ತಿಂಗಳು ಏನೂ ಅಂದಿಲ್ಲ."

ಇತ್ತು. ಅಂಕಲ್ ದನಿಯಲ್ಲಿ ಹೇಳಲು ಹೋದೆ, ಆಗಲಿಲ್ಲ. ನನ್ನದೇ ಮೈಸೂರು ಕನ್ನಡದಲ್ಲಿ, ಪಾಠ ಒಪ್ಪಿಸಿದಂತೆ ಹೇಳಿದೆ: "ಅವಳಿಗೆ ನಾನೇ ಹೇಳ್ಬೇಕು, ಇವತ್ತೇ ಹೇಳ್ತೀನಿ, ಬೇರೆಯವರ ಬಾಯಿಂದ ಗೊತ್ತಾಗೋ ಹಾಗೆ ಮಾಡ್ಬೇಡ ಅಂದ್ರು, ಆಂಟಿ."

ಆಂಟಿ ಬೈದಿದ್ದರೆ ಚೆನ್ನಾಗಿತ್ತು. ಟವೆಲ್ ಎತ್ತಿಕೊಂಡು ಕೆಳಗಿಳಿದರು. ಗಂಡನ ಪಕ್ಕ ಕೂರಲಿಲ್ಲ. ಎರಡು ಮೆಟ್ಟಿಲು ಮೇಲೆ ಕೂತರು. ಆಮೇಲೆ ಒಂದು ಮೆಟ್ಟಿಲು ಇಳಿದರು.

ಅಯ್ಯನವರು ಸೊಂಟದವರೆಗಿನ ನೀರಿನಲ್ಲಿ ನಿಂತು ನನ್ನತ್ತ ಕೈಬೀಸಿದರು: "ಬಾಪ್ಪಾ, ನಿನ್ನ ಸರದಿ!"

ನೆಗಡಿ ಎಂದೆ. ಅದು ಆ ದಿನದ ನನ್ನ ಎರಡನೇ ಸುಳ್ಳು.